ಸ್ಥಳದಲ್ಲೇ ಯಂತ್ರ ಸಮತೋಲನ ಮತ್ತು ಒಯ್ಯಬಲ್ಲ ಗಣಕಗಳು

ತಿರುಗುವ ಭಾಗವನ್ನು ಯಂತ್ರದಿಂದ ಬಿಚ್ಚದೆ, ಅದರ ಸ್ವಂತ ಬೇರಿಂಗುಗಳ ಮೇಲೆ, ಕೆಲಸದ ವೇಗದಲ್ಲೇ ಓಡಿಸಿ ಕಂಪನವನ್ನು ಅಳೆದು, ಎಷ್ಟು ತೂಕ ಎಲ್ಲಿ ಸೇರಬೇಕು ಅಥವಾ ಎಲ್ಲಿಂದ ಹೋಗಬೇಕು ಎಂದು ಲೆಕ್ಕ ಹಾಕಿ ಸರಿಪಡಿಸುವ ವಿಧಾನಕ್ಕೆ ಸ್ಥಳದಲ್ಲೇ ಸಮತೋಲನ ಎನ್ನಬಹುದು. ಕಾರ್ಖಾನೆಗಳಲ್ಲಿ ಎಲ್ಲರೂ ಇದನ್ನು ಕರೆಯುವುದು ಫೀಲ್ಡ್ ಬ್ಯಾಲೆನ್ಸಿಂಗ್ ಅಥವಾ ಸೈಟ್ ಬ್ಯಾಲೆನ್ಸಿಂಗ್ ಎಂದು. ಫ್ಯಾನು, ಬ್ಲೋವರ್, ಪಂಪು, ಟರ್ಬೈನು, ಮೋಟಾರು, ಸಕ್ಕರೆ ಕಾರ್ಖಾನೆಯ ಸೆಂಟ್ರಿಫ್ಯೂಗಲ್ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಕೆಲಸದ ಅರ್ಧ ಭಾಗ ಅಳತೆ, ಇನ್ನರ್ಧ ಲೆಕ್ಕ. ಆ ಲೆಕ್ಕ 1970ರ ದಶಕದ ತನಕ ಆಲೇಖ ಕಾಗದ, ಕೋನಮಾಪಕ ಮತ್ತು ಸ್ಲೈಡ್ ರೂಲಿನ ಮೇಲೆ ನಡೆಯುತ್ತಿತ್ತು. ಕಿಸೆಯಲ್ಲಿಟ್ಟುಕೊಳ್ಳಬಲ್ಲ ಕ್ಯಾಲ್ಕುಲೇಟರು ಬಂದ ಮೇಲೆ ಅದು ಯಂತ್ರದ ಪಕ್ಕದಲ್ಲೇ ಕೆಲವೇ ನಿಮಿಷಗಳಲ್ಲಿ ಮುಗಿಯುವಂತಾಯಿತು.

ಅಸಮತೋಲದ ಬಲ

ತಿರುಗುವ ಭಾಗದ ದ್ರವ್ಯರಾಶಿಯ ಕೇಂದ್ರ ಅದರ ತಿರುಗಣೆಯ ಅಕ್ಷದ ಮೇಲೆ ಇಲ್ಲದಿದ್ದರೆ ಪ್ರತಿ ಸುತ್ತಿಗೂ ಬೇರಿಂಗನ್ನು ಒಂದು ಬಲ ಹೊರಕ್ಕೆ ಎಳೆಯುತ್ತದೆ. ಈ ಕೇಂದ್ರಾಪಗಾಮಿ ಬಲ ಹೆಚ್ಚುವರಿ ತೂಕ, ಅದರ ತ್ರಿಜ್ಯ ಮತ್ತು ಕೋನವೇಗದ ವರ್ಗ ಇವುಗಳ ಗುಣಲಬ್ಧ. ವೇಗ ವರ್ಗದಲ್ಲಿ ಬರುವುದರಿಂದ ಅಲ್ಪ ತೂಕವೂ ದೊಡ್ಡ ಹಾನಿ ಮಾಡಬಲ್ಲದು. ಅಕ್ಷದಿಂದ 300 ಮಿಲಿಮೀಟರ್ ದೂರದಲ್ಲಿರುವ 10 ಗ್ರಾಂ ತೂಕ ನಿಮಿಷಕ್ಕೆ 1500 ಸುತ್ತಿನಲ್ಲಿ ಸುಮಾರು ಏಳೂವರೆ ಕಿಲೋಗ್ರಾಂ ಬಲದಿಂದ ಎಳೆಯುತ್ತದೆ. 3000 ಸುತ್ತಿನಲ್ಲಿ ಅದೇ 10 ಗ್ರಾಂ ಸುಮಾರು 30 ಕಿಲೋಗ್ರಾಂ ಆಗುತ್ತದೆ. ಈ ಬಲ ಬೇರಿಂಗನ್ನು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಹೊಡೆಯುತ್ತದೆ.

ವರ್ಕ್‌ಶಾಪಿನ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಸರಿಮಾಡಿ ತಂದ ರೋಟರೂ, ಅಂದರೆ ತಿರುಗುವ ಭಾಗವೂ, ಸ್ಥಳದಲ್ಲಿ ಮತ್ತೆ ಕೆಡುತ್ತದೆ. ಕಾರಣಗಳು ಬಹುತೇಕ ರೋಟರು ಸ್ಥಳದಲ್ಲಿ ಮಾಡುವ ಕೆಲಸದಲ್ಲೇ ಇರುತ್ತವೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ಹಾಗಾಗಿ ರಾಯಚೂರಿನಂಥ ಉಷ್ಣವಿದ್ಯುತ್ ಸ್ಥಾವರಗಳಲ್ಲಿ ಹೊಗೆಯನ್ನು ಚಿಮಣಿಗೆ ಎಳೆಯುವ ಐ.ಡಿ. ಫ್ಯಾನುಗಳ ಅಲಗುಗಳನ್ನು ಹಾರುಬೂದಿ ಒಂದೇ ಸಮನಾಗಿ ಸವೆಸುವುದಿಲ್ಲ. ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಇದರ ತಿರುವುಮುರುವು: ಅಲ್ಲಿ ಧೂಳು ಅಲಗಿನ ಬೆನ್ನಿಗೆ ಹೆಪ್ಪುಗಟ್ಟಿ ಕೂರುತ್ತದೆ, ಒಂದು ದಿನ ಒಂದು ಕಡೆಯ ಹೆಪ್ಪು ಮಾತ್ರ ಕಳಚಿ ಬೀಳುತ್ತದೆ, ಆ ಗಳಿಗೆಯಲ್ಲಿ ಕಂಪನ ಏಕಾಏಕಿ ಏರುತ್ತದೆ. ಇಂಥ ಫ್ಯಾನಿನ ಅಲಗುಚಕ್ರವನ್ನು, ಅಂದರೆ ಇಂಪೆಲ್ಲರನ್ನು, ಕ್ರೇನಿನಿಂದ ಎತ್ತಿ ಲಾರಿಯಲ್ಲಿ ಊರಾಚೆಗೆ ಕಳಿಸಿ ತರುವುದೆಂದರೆ ಉತ್ಪಾದನೆ ದಿನಗಟ್ಟಲೆ ನಿಂತಂತೆ. ಸ್ಥಳದಲ್ಲೇ ಮಾಡಿದರೆ ಕೆಲವು ಗಂಟೆಗಳ ಕೆಲಸ.

ಬೆಳೆದು ಬಂದ ದಾರಿ

ಸ್ಕಾಟ್ಲೆಂಡಿನ ವಿಲಿಯಂ ರ‍್ಯಾಂಕಿನ್ 1869ರಲ್ಲಿ ತಿರುಗುವ ಶಾಫ್ಟುಗಳ ಬಾಗುವಿಕೆಯನ್ನು ಕುರಿತು ಬರೆದ. 1870ರಲ್ಲಿ ಕೆನಡಾದ ಹೆನ್ರಿ ಮಾರ್ಟಿನ್‌ಸನ್ ಸಮತೋಲನ ಯಂತ್ರವೊಂದಕ್ಕೆ ಪೇಟೆಂಟ್ ಪಡೆದ. ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1880ರ ದಶಕದಲ್ಲಿ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಉಗಿ ಟರ್ಬೈನು ಕಟ್ಟಿದಾಗ ಈ ಪ್ರಶ್ನೆ ಪುಸ್ತಕದಿಂದ ಕಾರ್ಖಾನೆಗೆ ಇಳಿಯಿತು. ಜರ್ಮನಿಯ ಫ್ರಾಂಝ್ ಲಾವಾಚೆಕ್ 1907ರ ಸುಮಾರಿಗೆ ರೂಪಿಸಿದ ಯಂತ್ರವನ್ನು ಡಾರ್ಮ್‌ಸ್ಟಾಟ್‌ನ ಶೆಂಕ್ ಕಂಪನಿ ಕೈಗೆತ್ತಿಕೊಂಡು ಬೆಳೆಸಿತು.

ಇವೆಲ್ಲ ರೋಟರನ್ನು ಬಿಚ್ಚಿ ಯಂತ್ರದ ಮೇಲಿಡುವ ದಾರಿಗಳು. ನಿಂತಲ್ಲೇ ಮಾಡುವ ಕೆಲಸಕ್ಕೆ ಗಟ್ಟಿಯಾದ ಗಣಿತ ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇ. ಎಲ್. ಥಿಯರ್ಲ್. ಯಂತ್ರವನ್ನು ಸ್ಥಳದಲ್ಲೇ ಎರಡು ಸಮತಲಗಳಲ್ಲಿ, ಅಂದರೆ ಶಾಫ್ಟಿನ ಉದ್ದದಲ್ಲಿ ತೂಕ ಕಟ್ಟುವ ಎರಡು ಜಾಗಗಳಲ್ಲಿ, ಸಮತೋಲಗೊಳಿಸುವ ಲೆಕ್ಕವನ್ನು ಆತ 1934ರಲ್ಲಿ ಅಮೆರಿಕದ ಯಾಂತ್ರಿಕ ಎಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ. ಇಂದಿನ ಸಾವಿರಾರು ಡಾಲರಿನ ಉಪಕರಣವೂ ಒಳಗೆ ಮಾಡುವುದು ಮೂಲತಃ ಅದೇ ಲೆಕ್ಕವನ್ನೇ. 1959ರಲ್ಲಿ ಬ್ರಿಟನ್ನಿನ ಬಿಷಪ್ ಮತ್ತು ಗ್ಲ್ಯಾಡ್‌ವೆಲ್ ಬಾಗುವ ಶಾಫ್ಟುಗಳಿಗೆ ಬೇರೆಯ ವಿಧಾನ ಕೊಟ್ಟರು. 1964ರಲ್ಲಿ ಥಾಮಸ್ ಗುಡ್‌ಮನ್ ಅನೇಕ ಬೇರಿಂಗು, ಅನೇಕ ವೇಗಗಳ ಅಳತೆಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ಕನಿಷ್ಠ ವರ್ಗಗಳ ವಿಧಾನದಿಂದ ಉತ್ತರ ತೆಗೆಯುವುದನ್ನು ತೋರಿಸಿದ. ಅದಕ್ಕಂತೂ ಗಣಕಯಂತ್ರವೇ ಬೇಕಿತ್ತು. ಆಗಿನ ಗಣಕ ಕೋಣೆ ಬಿಟ್ಟು ಕದಲುತ್ತಿರಲಿಲ್ಲ.

ಒಂದು ಸಮತಲದ ಲೆಕ್ಕ

ಲೆಕ್ಕದ ತಿರುಳು ಸರಳ. ಕಂಪನಕ್ಕೆ ಪ್ರಮಾಣವೂ ಇದೆ, ಕೋನವೂ ಇದೆ. ಅಂದರೆ ಅದು ಸದಿಶ. ಶಾಫ್ಟಿನ ಮೇಲೆ ಅಂಟಿಸಿದ ಪ್ರತಿಫಲಕ ಪಟ್ಟಿ ಪ್ರತಿ ಸುತ್ತಿಗೊಮ್ಮೆ ಫೋಟೋಸೆಲ್ಲಿನ ಮುಂದೆ ಹಾಯುತ್ತದೆ. ಆ ಕ್ಷಣಕ್ಕೂ ಕಂಪನದ ಶಿಖರಕ್ಕೂ ನಡುವಿನ ಅಂತರವೇ ಫೇಸ್ ಕೋನ. ಮೊದಲು ಯಂತ್ರವನ್ನು ಇದ್ದಂತೆಯೇ ಓಡಿಸಿ ಅಳೆಯಬೇಕು. ಬಳಿಕ ಗೊತ್ತಿರುವ ಒಂದು ತೂಕವನ್ನು, ಅಂದರೆ ಪರೀಕ್ಷಾ ತೂಕವನ್ನು, ಗೊತ್ತಿರುವ ಜಾಗದಲ್ಲಿ ಕಟ್ಟಿ ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸವೇ ಆ ತೂಕದ ಪರಿಣಾಮ.

ಒಂದು ಉದಾಹರಣೆ ನೋಡೋಣ. ಇಂಪೆಲ್ಲರು 400 ಕಿಲೋಗ್ರಾಂ, ವೇಗ ನಿಮಿಷಕ್ಕೆ 1480 ಸುತ್ತು, ತೂಕ ಕಟ್ಟುವ ತ್ರಿಜ್ಯ 500 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪರೀಕ್ಷಾ ತೂಕ ಹುಟ್ಟಿಸುವ ಬಲ ರೋಟರಿನ ತೂಕದ ಹತ್ತನೇ ಒಂದರ ಆಸುಪಾಸಿನಲ್ಲಿರಲಿ ಎಂಬುದು ರೂಢಿಯ ನಿಯಮ. ಆ ಲೆಕ್ಕಕ್ಕೆ 33 ಗ್ರಾಂ ಬರುತ್ತದೆ. ಕೈಗೆ ಸಿಕ್ಕ ಪಟ್ಟಿಯ ತುಂಡು ತೂಗಿದರೆ 40 ಗ್ರಾಂ ಇದ್ದರೆ ಅದೂ ನಡೆದೀತು. ಮೊದಲ ಓಟದಲ್ಲಿ ಕಂಪನ ಸೆಕೆಂಡಿಗೆ 8 ಮಿಲಿಮೀಟರ್, ಕೋನ 60 ಡಿಗ್ರಿ. 40 ಗ್ರಾಂ ಕಟ್ಟಿದ ಮೇಲೆ 6 ಮಿಲಿಮೀಟರ್, 120 ಡಿಗ್ರಿ. ಕಂಪನ ಎಂಟರಿಂದ ಆರಕ್ಕೆ ಇಳಿದದ್ದರಿಂದ ತೂಕದ ಪರಿಣಾಮ ಎರಡೇ ಮಿಲಿಮೀಟರ್ ಎಂದುಕೊಂಡರೆ ಪೂರಾ ತಪ್ಪು. ಸದಿಶವಾಗಿ ಕಳೆದಾಗ ಅದರ ಪರಿಣಾಮ 7.2 ಮಿಲಿಮೀಟರ್, 194 ಡಿಗ್ರಿ. ಮೂಲ ಕಂಪನವನ್ನು ಅಳಿಸಲು 8 ಮಿಲಿಮೀಟರ್, 240 ಡಿಗ್ರಿಯಷ್ಟು ಪರಿಣಾಮ ಬೇಕು. ಆದ್ದರಿಂದ ತೂಕ 40ರಿಂದ 44.4 ಗ್ರಾಂಗೆ ಏರಬೇಕು, ಜಾಗ 46 ಡಿಗ್ರಿ ಮುಂದಕ್ಕೆ ಸರಿಯಬೇಕು. ಇಂಪೆಲ್ಲರಿಗೆ ಎಂಟು ಅಲಗಿದ್ದರೆ ಪಕ್ಕದ ಅಲಗು 45 ಡಿಗ್ರಿಗೇ ಸಿಗುತ್ತದೆ. ಹತ್ತು ಅಲಗಿದ್ದರೆ 46 ಡಿಗ್ರಿ ಎರಡು ಅಲಗುಗಳ ನಡುವೆ ಬೀಳುವುದರಿಂದ 36 ಡಿಗ್ರಿಯ ಅಲಗಿಗೆ 33 ಗ್ರಾಂ, 72 ಡಿಗ್ರಿಯದಕ್ಕೆ 13 ಗ್ರಾಂ ಎಂದು ಹಂಚಬೇಕು. ಈ ಲೆಕ್ಕ ಪರೀಕ್ಷಾ ತೂಕವನ್ನು ಬಿಚ್ಚಿದ್ದೇವೆ ಎಂದು ಎಣಿಸಿ ಮಾಡಿದ್ದು. ಅವಸರದಲ್ಲಿ ಅದನ್ನು ಅಲ್ಲೇ ಬಿಟ್ಟು ಹೊಸ ತೂಕವನ್ನೂ ಬೆಸೆಯುವುದು ಬಹಳ ಕಡೆ ಆಗುವ ಪ್ರಮಾದ.

ಎರಡು ಸಮತಲ, ಹದಿನಾರು ಸಂಖ್ಯೆ

ಅಗಲ ಕಡಿಮೆ ಇರುವ ಫ್ಯಾನಿಗೆ ಒಂದು ಸಮತಲ ಸಾಕು. ಉದ್ದದ ರೋಟರಿನಲ್ಲಿ ಈ ತುದಿಗೆ ಕಟ್ಟಿದ ತೂಕ ಆ ತುದಿಯ ಬೇರಿಂಗನ್ನೂ ಅಲುಗಿಸುತ್ತದೆ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ಈ ಅಡ್ಡ ಪರಿಣಾಮವನ್ನು ಸೇರಿಸಿಕೊಂಡಾಗ ನಾಲ್ಕು ಪ್ರಭಾವ ಗುಣಾಂಕಗಳು (ಒಂದು ಗ್ರಾಂ ತೂಕಕ್ಕೆ ಎಷ್ಟು ಕಂಪನ ಎಂಬ ಸಂಖ್ಯೆಗಳು) ಬರುತ್ತವೆ, ನಾಲ್ಕೂ ಸಂಮಿಶ್ರ ಸಂಖ್ಯೆಗಳು. ಮೂರು ಓಟಗಳಲ್ಲಿ ಎರಡೆರಡು ಬೇರಿಂಗಿನ ಅಳತೆಗಳು ಸೇರಿ ಹನ್ನೆರಡು ಸಂಖ್ಯೆ, ಎರಡು ಪರೀಕ್ಷಾ ತೂಕಗಳ ಪ್ರಮಾಣ ಮತ್ತು ಕೋನ ಸೇರಿ ನಾಲ್ಕು: ಒಟ್ಟು ಹದಿನಾರು. ಇವನ್ನು ಹಿಡಿದುಕೊಂಡು ಗುಣಿಸಿ, ಭಾಗಿಸಿ, ಕಳೆದು, ಮತ್ತೆ ಮತ್ತೆ ಧ್ರುವೀಯ ರೂಪದಿಂದ ಆಯತ ರೂಪಕ್ಕೂ ಅಲ್ಲಿಂದ ಹಿಂದಕ್ಕೂ ತಿರುಗಿಸುತ್ತ ಹೋಗಬೇಕು. ಬಾಯ್ಲರ್ ಮನೆಯ ಸದ್ದು, ಸೆಕೆ, ಧೂಳಿನ ನಡುವೆ ಕಾಗದದ ಮೇಲೆ ಇದನ್ನು ತಪ್ಪಿಲ್ಲದೆ ಮಾಡುವವರು ವಿರಳರಾಗಿದ್ದರು. ಹೆಚ್ಚಿನವರು ಅಂದಾಜಿನ ಮೇಲೆ ತೂಕ ಇಟ್ಟು ಓಡಿಸಿ ನೋಡುತ್ತಿದ್ದರು.

ಓಡಿಸಿ ನೋಡುವುದು ಪುಕ್ಕಟೆಯ ಕೆಲಸವಲ್ಲ. ದೊಡ್ಡ ಮೋಟಾರಿಗೆ ಸ್ಟಾರ್ಟಿನ ಮಿತಿ ಇರುತ್ತದೆ. ತಣ್ಣಗಿದ್ದಾಗ ಸಾಲಾಗಿ ಎರಡು, ಬಿಸಿಯಿದ್ದಾಗ ಒಂದು ಎಂಬುದು ಸಾಮಾನ್ಯ ನಿಬಂಧನೆ. ಮೀರಿದರೆ ವೈಂಡಿಂಗ್ ಸುಡುತ್ತದೆ. ಪ್ರತಿ ಓಟಕ್ಕೂ ಪರ್ಮಿಟ್ ಹಿಂದಿರುಗಿಸಿ, ಬಾಗಿಲು ಮುಚ್ಚಿ, ಓಡಿಸಿ, ನಿಲ್ಲಿಸಿ, ಫ್ಯಾನು ಪೂರ್ತಿ ನಿಲ್ಲುವ ತನಕ ಕಾದು, ವಿದ್ಯುತ್ ಕಡಿದು ಬೀಗ ಹಾಕಿ ಮತ್ತೆ ಒಳಗಿಳಿಯಬೇಕು. ಲೆಕ್ಕ ಸರಿಯಾಗಿ ಬಂದರೆ ಒಂದು ಸಮತಲಕ್ಕೆ ಮೂರು, ಎರಡು ಸಮತಲಕ್ಕೆ ನಾಲ್ಕು ಸ್ಟಾರ್ಟಿನಲ್ಲಿ ಕೆಲಸ ಮುಗಿಯುತ್ತದೆ. ಒಯ್ಯಬಲ್ಲ ಗಣಕದ ನಿಜವಾದ ಉಳಿತಾಯ ಇರುವುದು ಇಲ್ಲಿ. ಲೆಕ್ಕದ ಹೊತ್ತು ಉಳಿಯುವುದು ಅದರ ಮುಂದೆ ಸಣ್ಣದು.

ಕ್ಯಾಲ್ಕುಲೇಟರುಗಳ ಕಾಲ

ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಚ್‌ಪಿ-35 1972ರಲ್ಲಿ ಬಂದಾಗ ಸೈನ್, ಕೊಸೈನ್‌ಗಳು ಅಂಗೈಗೆ ಬಂದವು, ಸ್ಲೈಡ್ ರೂಲು ಮೂಲೆ ಸೇರಿತು. ಅದರಲ್ಲಿ ಪ್ರೋಗ್ರಾಮ್ ಬರೆಯಲು ಆಗುತ್ತಿರಲಿಲ್ಲ. 1974ರ ಎಚ್‌ಪಿ-65 ಆ ಕೊರತೆಯನ್ನು ತುಂಬಿತು: ನೂರು ಹೆಜ್ಜೆಗಳ ಪ್ರೋಗ್ರಾಮ್, ಅದನ್ನು ಉಳಿಸಿಡಲು ಚೂಯಿಂಗ್ ಗಮ್ ಪಟ್ಟಿಯಷ್ಟು ಸಣ್ಣ ಕಾಂತೀಯ ಕಾರ್ಡು. ಬೆಲೆ 795 ಡಾಲರ್. ಸಂಖ್ಯೆ ಇಡಲು ಒಂಬತ್ತು ರಿಜಿಸ್ಟರು ಇದ್ದುದರಿಂದ ಒಂದು ಸಮತಲದ ಲೆಕ್ಕಕ್ಕೆ ಧಾರಾಳ ಸಾಕಾಗುತ್ತಿತ್ತು, ಎರಡು ಸಮತಲದ ಹದಿನಾರು ಸಂಖ್ಯೆಗಳಿಗೆ ಜಾಗ ಸಾಲದು. 1976ರ ಎಚ್‌ಪಿ-67 ಇಪ್ಪತ್ತಾರು ರಿಜಿಸ್ಟರು, 224 ಹೆಜ್ಜೆ ಕೊಟ್ಟಿತು. ಮರುವರ್ಷ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-59ರಲ್ಲಿ ಪ್ರೋಗ್ರಾಮಿಗೆ 960 ಹೆಜ್ಜೆಗಳವರೆಗೆ ಅಥವಾ ದತ್ತಾಂಶಕ್ಕೆ ನೂರು ರಿಜಿಸ್ಟರುಗಳವರೆಗೆ ಹೊಂದಿಸಿಕೊಳ್ಳಬಹುದಿತ್ತು. ಎರಡು ಸಮತಲದ ಸಮತೋಲನ ಕಿಸೆಗೆ ಬಂದದ್ದು ಈ ಎರಡು ಮಾದರಿಗಳಿಂದ.

ಇವುಗಳ ಮೇಲಿದ್ದ ಒಂದು ಕೀಲಿಯನ್ನು ವಿಶೇಷವಾಗಿ ನೆನೆಯಬೇಕು. ಪ್ರಮಾಣ ಮತ್ತು ಕೋನ ಕೊಟ್ಟರೆ ಎರಡು ಘಟಕಗಳನ್ನು ಕೊಡುವ, ಘಟಕ ಕೊಟ್ಟರೆ ಪ್ರಮಾಣ ಮತ್ತು ಕೋನ ಹಿಂದಿರುಗಿಸುವ ಕೀಲಿ ಅದು. ಭೂಮಾಪಕರಿಗೂ ನಾವಿಕರಿಗೂ ಬಳಕೆಯಾದ ಆ ಕೀಲಿಯ ಮೇಲೆಯೇ ಸಮತೋಲನದ ಪ್ರೋಗ್ರಾಮು ಪೂರ್ತಿ ನಿಂತಿತ್ತು. ಕೋನ ಯಾವ ಚತುರ್ಥಕದಲ್ಲಿದೆ ಎಂಬುದನ್ನು ಅದು ತಾನೇ ನೋಡಿಕೊಳ್ಳುತ್ತಿದ್ದುದರಿಂದ ಕೈಲೆಕ್ಕದಲ್ಲಿ ತೂಕ 180 ಡಿಗ್ರಿ ಎದುರಿಗೆ ಹೋಗಿಬಿಡುವ ಅಪಾಯ ತಪ್ಪಿತು.

ಆ ಎರಡೂ ಮಾದರಿಗಳಿಗೆ ಒಂದು ದೊಡ್ಡ ತೊಡಕಿತ್ತು. ಸ್ವಿಚ್ ಆರಿಸಿದರೆ ಪ್ರೋಗ್ರಾಮು ಹೋಗುತ್ತಿತ್ತು, ಮತ್ತೆ ಕಾರ್ಡು ಓದಿಸಬೇಕಿತ್ತು. 1979ರ ಎಚ್‌ಪಿ-41ಸಿ ಆರಿಸಿದ ಮೇಲೂ ನೆನಪು ಉಳಿಸಿಕೊಂಡಿತು. ಅದಕ್ಕಿಂತ ಹೆಚ್ಚಾಗಿ, ಅದರ ಪರದೆ ಅಕ್ಷರಗಳನ್ನು ತೋರಿಸುತ್ತಿತ್ತು. ಮುಂದೆ ಯಾವ ಸಂಖ್ಯೆ ಬೇಕು, ಮೊದಲ ಬೇರಿಂಗಿನ ಪ್ರಮಾಣವೋ ಎರಡನೆಯದರ ಕೋನವೋ ಎಂದು ಯಂತ್ರವೇ ಕೇಳುವಂತೆ ಪ್ರೋಗ್ರಾಮ್ ಬರೆಯಬಹುದಾಯಿತು. ಹದಿನಾರು ಸಂಖ್ಯೆಗಳ ಅನುಕ್ರಮ ಬಾಯಿಪಾಠ ಇಲ್ಲದವರೂ ಲೆಕ್ಕ ಮಾಡಬಲ್ಲವರಾದದ್ದು ಆಗ. ಈ ಕೆಲಸ ತಜ್ಞನ ಕೈಯಿಂದ ಪಾಳಿಯ ಎಂಜಿನಿಯರನ ಕೈಗೆ ಬಂದದ್ದರಲ್ಲಿ ಆ ಹನ್ನೆರಡು ಅಕ್ಷರಗಳ ಪರದೆಯ ಪಾಲು ದೊಡ್ಡದು ಎಂಬುದು ಈ ಲೇಖಕನ ಅಭಿಪ್ರಾಯ. 1982ರ ಎಚ್‌ಪಿ-15ಸಿ ಸಂಮಿಶ್ರ ಸಂಖ್ಯೆಗಳನ್ನೂ ಮಾತೃಕೆಗಳನ್ನೂ ನೇರವಾಗಿ ಬಿಡಿಸುತ್ತಿತ್ತು. 1988ರ ಎಚ್‌ಪಿ-42ಎಸ್ ಅದನ್ನು ಇನ್ನಷ್ಟು ಸಲೀಸು ಮಾಡಿತು.

ಅದೇ ದಶಕದಲ್ಲಿ ಕಂಪನ ಅಳೆಯುವ ಉಪಕರಣದೊಳಗೇ ಮೈಕ್ರೊಪ್ರೊಸೆಸರ್ ಸೇರಿತು. ಅಳತೆ, ಲೆಕ್ಕ, ದಾಖಲೆ ಒಂದೇ ಪೆಟ್ಟಿಗೆಗೆ ಬಂದವು. ಈಗ ಬಳಕೆಯಲ್ಲಿರುವ ಎರಡು ಚಾನೆಲ್ಲಿನ ಉಪಕರಣಗಳು ಲೇಸರ್ ಟ್ಯಾಕೋಮೀಟರಿನೊಂದಿಗೆ ಎರಡೂ ಬೇರಿಂಗನ್ನು ಏಕಕಾಲಕ್ಕೆ ಅಳೆದು ಉತ್ತರವನ್ನು ಅಲಗಿನ ಸಂಖ್ಯೆಯ ಸಮೇತ ಪರದೆಯ ಮೇಲೆ ಬರೆದು ಕೊಡುತ್ತವೆ.

ಮೊಬೈಲು ಏನು ಮಾಡಬಲ್ಲದು

ಲೆಕ್ಕದ ಮಟ್ಟಿಗೆ ಮೊಬೈಲು ಎಲ್ಲವನ್ನೂ ಮಾಡಬಲ್ಲದು. ಎಕ್ಸೆಲ್‌ನಲ್ಲಿ ಸಂಮಿಶ್ರ ಸಂಖ್ಯೆಗಳಿಗೆಂದೇ ಫಂಕ್ಷನ್ನುಗಳಿವೆ. ಪೈಥಾನ್ ಭಾಷೆಯಲ್ಲಿ ಒಂದು ಸಮತಲದ ಲೆಕ್ಕ ನಾಲ್ಕೈದು ಸಾಲು. ಎಚ್‌ಪಿ-42ಎಸ್ ಅನ್ನು ಹಾಗೆಯೇ ಅನುಕರಿಸುವ ಫ್ರೀ42 ಎಂಬ ಉಚಿತ ಆ್ಯಪ್‌ನಲ್ಲಿ ಹಳೆಯ ಪ್ರೋಗ್ರಾಮುಗಳು ಇಂದಿಗೂ ಓಡುತ್ತವೆ.

ಅಳತೆಯ ವಿಷಯ ಬೇರೆ. ಮೊಬೈಲಿನೊಳಗೆ ವೇಗೋತ್ಕರ್ಷಮಾಪಕವೇನೋ ಇದೆ. ಆಂಡ್ರಾಯ್ಡ್ 12ಕ್ಕೆ ಹೊಂದಿಸಿ ಬರೆದ ಆ್ಯಪ್‌ಗಳಿಗೆ ಪ್ರತ್ಯೇಕ ಅನುಮತಿ ಇಲ್ಲದಿದ್ದರೆ ಸೆಕೆಂಡಿಗೆ 200 ಮಾದರಿಗಳ ಮಿತಿಯಿದೆ. 1480 ಸುತ್ತಿನ ಫ್ಯಾನಿಗೆ ಅದು ಸುತ್ತಿಗೆ ಎಂಟು ಮಾದರಿ. ಪ್ರಮಾಣ ತಿಳಿಯಲು ಸಾಕು. ಸಿಗದಿರುವುದು ಫೇಸ್ ಕೋನ, ಏಕೆಂದರೆ ಶಾಫ್ಟಿನ ಗುರುತು ಯಾವಾಗ ಹಾಯಿತೆಂದು ಮೊಬೈಲಿಗೆ ಗೊತ್ತಿಲ್ಲ.

ಕೋನ ಇಲ್ಲದೆಯೂ ಒಂದು ದಾರಿಯಿದೆ, ನಾಲ್ಕು ಓಟಗಳ ವಿಧಾನ. ಮೊದಲು ಇದ್ದಂತೆ, ಆಮೇಲೆ ಒಂದೇ ತೂಕವನ್ನು 0, 120, 240 ಡಿಗ್ರಿಗಳಲ್ಲಿ ಕಟ್ಟಿ ಮೂರು ಸಲ ಓಡಿಸಿ, ಪ್ರಮಾಣವನ್ನಷ್ಟೇ ಅಳೆಯುವುದು. ಮೇಲಿನ ಫ್ಯಾನಿಗೇ ಹಚ್ಚಿದರೆ 8ರ ಬಳಿಕ ಕ್ರಮವಾಗಿ 6, 9.2 ಮತ್ತು 15.1 ಮಿಲಿಮೀಟರ್ ಬರುತ್ತದೆ. ಕೊನೆಯ ಮೂರರ ವರ್ಗಗಳ ಸರಾಸರಿಯಿಂದ ಮೊದಲನೆಯದರ ವರ್ಗವನ್ನು ಕಳೆದರೆ 52 ಉಳಿಯುತ್ತದೆ. ಅದರ ವರ್ಗಮೂಲ 7.2, ಹಿಂದೆ ಸಿಕ್ಕ ಪರಿಣಾಮವೇ. ತೂಕ ಮತ್ತೆ 44 ಗ್ರಾಂ ಎಂದೇ ಬರುತ್ತದೆ. ಜಾಗವನ್ನು ಮೂರು ವೃತ್ತ ಎಳೆದೋ ತ್ರಿಕೋನಮಿತಿಯಿಂದಲೋ ಕಂಡುಕೊಳ್ಳಬಹುದು. ಕೂಲಿಂಗ್ ಟವರಿನ ಫ್ಯಾನಿನಂಥ ನಿಧಾನದ ಯಂತ್ರಗಳಿಗೆ ಇದು ಒಪ್ಪುವ ವಿಧಾನ. ಆದರೆ 15.1 ಎಂಬ ಸಂಖ್ಯೆಯನ್ನು ಮರೆಯಬಾರದು. ಮೂರು ಜಾಗಗಳಲ್ಲಿ ಒಂದಾದರೂ ಕೆಟ್ಟ ಕಡೆಗೇ ಬೀಳುತ್ತದೆ, ಆ ಓಟದಲ್ಲಿ ಕಂಪನ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೊದಲೇ ಜೋರಾಗಿ ನಡುಗುತ್ತಿರುವ ಯಂತ್ರದ ಮೇಲೆ ಇದನ್ನು ಮಾಡಬಾರದು.

ಲೆಕ್ಕ ಹೇಳದ ಸಂಗತಿಗಳು

ಗಣಕಕ್ಕೆ ಯಾವ ಸಂಖ್ಯೆ ಕೊಟ್ಟರೂ ಅದು ಉತ್ತರ ಕೊಡುತ್ತದೆ. ದೋಷ ಅಸಮತೋಲದ್ದೇ ಹೌದೇ ಎಂದು ಕೇಳುವುದಿಲ್ಲ. ಕಪ್ಲಿಂಗಿನ ಅಲೈನ್‌ಮೆಂಟ್ ತಪ್ಪಿದ್ದರೂ, ಬುಡದ ಬೋಲ್ಟು ಸಡಿಲವಿದ್ದರೂ, ಶಾಫ್ಟು ಬಾಗಿದ್ದರೂ ಯಂತ್ರ ನಡುಗುತ್ತದೆ. ಅಸಮತೋಲದ ಲಕ್ಷಣವೆಂದರೆ ಕಂಪನ ಬಹುಪಾಲು ಸುತ್ತಿನ ಆವರ್ತನದಲ್ಲೇ ಇರುವುದು ಮತ್ತು ಫೇಸ್ ಕೋನ ಓಟದಿಂದ ಓಟಕ್ಕೆ ಬದಲಾಗದಿರುವುದು. ಕೋನ ನಿಲ್ಲದೆ ಹರಿದಾಡುತ್ತಿದ್ದರೆ ತೂಕ ಕಟ್ಟುವ ಮಾತೇ ಬೇಡ. ಅಲಗುಗಳನ್ನು ಕೆರೆದು ಚೊಕ್ಕಟ ಮಾಡಿ, ಬೋಲ್ಟು ಬಿಗಿದು, ಮತ್ತೆ ಅಳೆಯಬೇಕು. ಧೂಳು ತೆಗೆದ ಮಾತ್ರಕ್ಕೇ ಸರಿಹೋದ ಫ್ಯಾನುಗಳು ಎಷ್ಟೋ. ಕೆಲಸದ ವೇಗ ಅನುರಣನದ ಹತ್ತಿರವಿದ್ದರೆ ಇನ್ನೊಂದು ಕಷ್ಟ: ವೇಗ ತುಸು ಬದಲಾದರೂ ಕೋನ ಹತ್ತಾರು ಡಿಗ್ರಿ ಸರಿಯುತ್ತದೆ, ಲೆಕ್ಕ ಕೈಕೊಡುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಕೋನದ ದಿಕ್ಕು. ಕೆಲವು ಉಪಕರಣಗಳು ಕೋನವನ್ನು ತಿರುಗುವ ದಿಕ್ಕಿನಲ್ಲಿ ಎಣಿಸುತ್ತವೆ, ಕೆಲವು ಅದಕ್ಕೆ ಎದುರಾಗಿ. ಉದಾಹರಣೆಯ 46 ಡಿಗ್ರಿಯನ್ನು ಮುಂದಕ್ಕೆ ಎಣಿಸುವ ಬದಲು ಹಿಂದಕ್ಕೆ ಎಣಿಸಿದರೆ 8 ಮಿಲಿಮೀಟರ್ ಇದ್ದ ಕಂಪನ 11.5ಕ್ಕೆ ಏರುತ್ತದೆ. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರುವುದಿಲ್ಲ, ಯಂತ್ರ ಮಾತ್ರ ಮೊದಲಿಗಿಂತ ಕೆಟ್ಟಿರುತ್ತದೆ.

ತೂಕ ಬೆಸೆಯುವಾಗ ವೆಲ್ಡಿಂಗಿನ ಅರ್ತಿಂಗ್ ಕ್ಲ್ಯಾಂಪನ್ನು ಇಂಪೆಲ್ಲರಿಗೇ ಹಚ್ಚಬೇಕು. ಹೊರಗಿನ ಚೌಕಟ್ಟಿಗೆ ಹಚ್ಚಿದರೆ ವಿದ್ಯುತ್ತು ಬೇರಿಂಗಿನ ಮೂಲಕ ಹರಿದು ಅದರ ಗುಂಡುಗಳ ಮೇಲೂ ದಾರಿಯ ಮೇಲೂ ಸುಟ್ಟ ಚುಕ್ಕೆಗಳು ಬೀಳುತ್ತವೆ. ಕಂಪನ ಇಳಿಸಲು ಹೋಗಿ ಬೇರಿಂಗನ್ನೇ ಕಳೆದುಕೊಂಡಂತಾಗುತ್ತದೆ. ಬೆಸುಗೆಯ ಲೋಹವೂ ಕೆಲವು ಗ್ರಾಂ ತೂಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಂತ್ರ ಓಡುವಾಗ ಇಂಪೆಲ್ಲರಿನ ಸಮತಲದ ನೇರಕ್ಕೆ ಯಾರೂ ನಿಲ್ಲಕೂಡದು. ಪರೀಕ್ಷಾ ತೂಕ ಕಳಚಿದರೆ ಅದು ಹಾರುವುದು ಆ ನೇರಕ್ಕೇ.

ಎಷ್ಟು ಸಾಕು

ಎಲ್ಲಿಗೆ ನಿಲ್ಲಿಸಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಮಾನಕಗಳಿವೆ. ಐಎಸ್‌ಒ 1940 ಎಂದು ದಶಕಗಳ ಕಾಲ ಹೆಸರಾಗಿದ್ದ, 2016ರಿಂದ ಐಎಸ್‌ಒ 21940-11 ಆಗಿರುವ ಮಾನಕ ಫ್ಯಾನುಗಳಿಗೆ ಜಿ 6.3, ಟರ್ಬೈನುಗಳಿಗೆ ಜಿ 2.5 ಎಂಬ ದರ್ಜೆ ಹೇಳುತ್ತದೆ. ನಮ್ಮ 400 ಕಿಲೋಗ್ರಾಂ ಇಂಪೆಲ್ಲರಿಗೆ ಜಿ 6.3ರ ಪ್ರಕಾರ 500 ಮಿಲಿಮೀಟರ್ ತ್ರಿಜ್ಯದಲ್ಲಿ ಉಳಿಯಬಹುದಾದ ಅಸಮತೋಲ ಸುಮಾರು 32 ಗ್ರಾಂ, ಜಿ 2.5ರ ಪ್ರಕಾರ 13 ಗ್ರಾಂ. ಸ್ಥಳದಲ್ಲಿ ಕೊನೆಗೆ ನೋಡುವುದು ಬೇರಿಂಗಿನ ಮೇಲಿನ ಕಂಪನವನ್ನು. ಐಎಸ್‌ಒ 10816ರ ಮೂರನೆಯ ಭಾಗದಲ್ಲಿ 15ರಿಂದ 300 ಕಿಲೋವ್ಯಾಟಿನ, ಗಟ್ಟಿ ತಳಪಾಯದ ಯಂತ್ರಗಳಿಗೆ ದೀರ್ಘಕಾಲ ಓಡಿಸಬಹುದಾದ ಮಿತಿ ಸೆಕೆಂಡಿಗೆ 2.8 ಮಿಲಿಮೀಟರ್, ಹಾನಿಯ ವಲಯ 4.5ರಿಂದ ಶುರು. ಈ ಮಾನಕದ ಹಲವು ಭಾಗಗಳು ಈಗ ಐಎಸ್‌ಒ 20816 ಎಂಬ ಹೆಸರಿಗೆ ಬಂದಿವೆ.

ಮೊದಲ ತಿದ್ದುವಿಕೆಯ ಬಳಿಕ ಉಳಿದ ಕಂಪನಕ್ಕೆ ಹೊಸ ಪರೀಕ್ಷಾ ತೂಕ ಬೇಕಿಲ್ಲ. ಉದಾಹರಣೆಯಲ್ಲಿ 40 ಗ್ರಾಂಗೆ 7.2 ಮಿಲಿಮೀಟರ್, ಅಂದರೆ ಗ್ರಾಂಗೆ 0.18 ಎಂಬ ಪ್ರಭಾವ ಗುಣಾಂಕ ಸಿಕ್ಕಿದೆ. 1.6 ಮಿಲಿಮೀಟರ್ ಉಳಿದಿದ್ದರೆ ಇನ್ನು 9 ಗ್ರಾಂ ಸೇರಿಸಬೇಕೆಂದು ಅದೇ ಹೇಳುತ್ತದೆ. ಬೇರಿಂಗು, ತಳಪಾಯ, ವೇಗ ಬದಲಾಗದಿರುವ ತನಕ ಅದೇ ಗುಣಾಂಕ ಮುಂದಿನ ವರ್ಷಕ್ಕೂ ನಡೆಯುತ್ತದೆ. ಆದ್ದರಿಂದ ಸಮತೋಲನ ಮಾಡುವವರು ಗುಣಾಂಕ, ಅದರ ಕೋನ, ಕೋನ ಎಣಿಸಿದ ದಿಕ್ಕು, ಪ್ರತಿಫಲಕ ಪಟ್ಟಿ ಮತ್ತು ಸೆನ್ಸರ್ ಇದ್ದ ಜಾಗ ಇವಿಷ್ಟನ್ನೂ ಯಂತ್ರದ ಹಿಸ್ಟರಿ ಕಾರ್ಡಿನಲ್ಲಿ ತಪ್ಪದೆ ಬರೆದಿಡಬೇಕು. ಬರೆದಿಟ್ಟಿದ್ದರೆ ಮುಂದಿನ ಸಲ ಪರೀಕ್ಷಾ ತೂಕದ ಓಟವೇ ಬೇಕಾಗುವುದಿಲ್ಲ: ಒಂದು ಅಳತೆ, ಒಂದು ತೂಕ, ಒಂದು ಖಚಿತಪಡಿಸುವ ಓಟ.